ಮಾದರಿ ಬೆನ್ನು

ವರದಾ ವಿಶ್ವವಿದ್ಯಾಲಯದಲ್ಲಿ ಆ ವರ್ಷ ಕುಲಪತಿಗಳಿಂದ ಹಿಡಿದು ಹಾಸ್ಟೆಲಿನ ಹುಡುಗಿಯರವರೆಗೆ ಎಲ್ಲರ ಸೊಂಟದಲ್ಲೂ ಎರಡು ಬೆರಳಗಲದ ಒಂದು ಬೂದು ಪಟ್ಟಿ ಇತ್ತು. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಹೆಸರು 'ಬೆನ್ನಾಸರೆ'. ಕ್ಯಾಂಪಸ್ಸಿನಲ್ಲಿ ಮಾತ್ರ ಎಲ್ಲರೂ ಅದನ್ನು 'ಡಾಬು' ಅನ್ನುತ್ತಿದ್ದರು. ಬೆಳಿಗ್ಗೆ ಹಾವೇರಿಯಿಂದ ಬರುವ ಬಸ್ಸಿನಲ್ಲಿ "ಏನವಾ, ಇವತ್ತ ಡಾಬು ಹಾಕ್ಕೊಂಡಿಲ್ಲೇನ?" ಎಂದು ಒಬ್ಬರನ್ನೊಬ್ಬರು ಕೇಳಿ ನಗುವುದು ರೂಢಿಯಾಗಿಬಿಟ್ಟಿತ್ತು.

ಪಟ್ಟಿಯ ಕೆಲಸ ಸರಳ. ಅದರ ಒಳಮೈಯಲ್ಲಿ ಹದಿನಾರು ಸಣ್ಣ ಗುಂಡಿಗಳಿದ್ದವು. ಬೆನ್ನುಮೂಳೆ ಎಷ್ಟು ಬಾಗಿತು, ಅದರ ಎರಡೂ ಬದಿಯ ಸ್ನಾಯುಗಳು ಎಷ್ಟು ಬಿಗಿದವು ಎಂದು ಅವು ಅಳೆಯುತ್ತಿದ್ದವು. ಅದರ ಗಣಕದೊಳಗೆ ಒಂದು 'ಮಾದರಿ ಬೆನ್ನು' ಇತ್ತು. ಅಂದರೆ ನೋವಿಲ್ಲದ ಒಬ್ಬ ಮನುಷ್ಯ ಹೇಗೆ ಕೂರುತ್ತಾನೆ, ಹೇಗೆ ಏಳುತ್ತಾನೆ, ಹೇಗೆ ಭಾರ ಎತ್ತುತ್ತಾನೆ ಎಂಬ ಚಲನೆಯ ಅಚ್ಚು. ತೊಟ್ಟವರು ಆ ಅಚ್ಚಿನಿಂದ ಆಚೀಚೆ ಸರಿದರೆ ಪಟ್ಟಿ ಆ ಬದಿಯಲ್ಲಿ ಮೆಲ್ಲಗೆ ಒತ್ತುತ್ತಿತ್ತು. ದಿನವೂ ಒತ್ತಿಸಿಕೊಂಡು ಒತ್ತಿಸಿಕೊಂಡು ಮೈ ತಾನಾಗಿಯೇ ದಾರಿಗೆ ಬರುತ್ತಿತ್ತು. ಸಂಜೆ ಐದಕ್ಕೆ ಮೊಬೈಲಿಗೆ ಒಂದು ಅಂಕ ಬರುತ್ತಿತ್ತು: ಬೆನ್ನುನೋವಿನ ಅಪಾಯ, ನೂರಕ್ಕೆ ಇಷ್ಟು.

ಇದನ್ನು ರೂಪಿಸಿದವರಲ್ಲಿ ಡಾ. ಅರುಂಧತಿ ಕೊಣ್ಣೂರ ಮುಖ್ಯಳಾದವಳು. ಮೂವತ್ತೈದರ ಹೆಂಗಸು. ಫಿಸಿಯೋಥೆರಪಿ ಓದಿ, ಅದೇ ವಿಶ್ವವಿದ್ಯಾಲಯದ ದೇಹಚಲನ ಅಧ್ಯಯನ ಕೇಂದ್ರದಲ್ಲಿ ಪಿಎಚ್.ಡಿ. ಮುಗಿಸಿ, ಅಲ್ಲೇ ಸಹಾಯಕ ಪ್ರಾಧ್ಯಾಪಕಿಯಾಗಿದ್ದಳು. ಕೇಂದ್ರದ ನಿರ್ದೇಶಕ ಪ್ರೊ. ಸದಾನಂದ ಇಟಗಿ ಒಂಬತ್ತು ವರ್ಷಗಳಿಂದ ಅವಳ ಗುರು. ಅಪ್ಪನನ್ನು ಬೇಗ ಕಳೆದುಕೊಂಡಿದ್ದ ಅವಳಿಗೆ ಮದುವೆಯ ಮಂಟಪದಲ್ಲಿ ಅಪ್ಪನ ಜಾಗದಲ್ಲಿ ನಿಂತವರೂ ಅವರೇ.

ಪಟ್ಟಿ ಹುಟ್ಟುವ ಮೊದಲು ಅವಳು ಆರುನೂರ ನಲವತ್ತು ಮಂದಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಅಳೆದಿದ್ದಳು. ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಆರು ನಿಮಿಷ ನಡೆಯಬೇಕು. ಬೋರಲು ಮಲಗಿ, ಸೊಂಟದಿಂದ ಮೇಲಿನ ಮೈಯನ್ನು ಮಂಚದಾಚೆ ಗಾಳಿಯಲ್ಲಿ ಹಿಡಿಯಬೇಕು. ಹತ್ತು ಕಿಲೋದ ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಮೇಜಿನ ಮೇಲಿಡಬೇಕು. ಕೊನೆಗೆ ನೋವಿನ ಬಗ್ಗೆ ಇಪ್ಪತ್ತು ಪ್ರಶ್ನೆ. ಬಂದ ಫಲಿತಾಂಶ ನೋಡಿ ಅವಳಿಗೇ ಗಾಬರಿಯಾಗಿತ್ತು. ಹಾಸ್ಟೆಲಿನ ಮಂಚದ ಮೇಲೆ ಲ್ಯಾಪ್‌ಟಾಪಿಗೆ ಬಗ್ಗಿ ಓದುವ ಇಪ್ಪತ್ತರ ಹುಡುಗರು ಕುರ್ಚಿಯಿಂದ ಏಳಲು ಐವತ್ತರ ಗುಮಾಸ್ತರಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ನಡುನೋವು.

ಅಷ್ಟು ಜನರ ನಡುವೆ ಗ್ರಂಥಾಲಯದ ಫಕೀರವ್ವ ಬಾರಕೇರ ಬೇರೆಯೇ ಆಗಿ ಕಂಡಳು. ಐವತ್ತನಾಲ್ಕು ವರ್ಷ, ಗುತ್ತಿಗೆಯ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಹಳೆಯ ಪತ್ರಿಕೆಗಳ ದಪ್ಪ ಸಂಪುಟಗಳನ್ನು ಎತ್ತಿ ಇಳಿಸಿ ಮಾಡಿದವಳು. ಪೆಟ್ಟಿಗೆಯನ್ನು ಅವಳು ಎತ್ತಿದ ರೀತಿ ನೋಡಿ ಅರುಂಧತಿ ಕೈಯಲ್ಲಿದ್ದ ಪೆನ್ನು ಬಿಟ್ಟು ನೋಡುತ್ತ ನಿಂತಿದ್ದಳು. ಎಲ್ಲೂ ತಡವರಿಕೆಯಿಲ್ಲ, ಎಲ್ಲೂ ಜಗ್ಗಾಟವಿಲ್ಲ.

"ನಡಾ ನೋಯ್ತಾವೇನ್ರೀ ಫಕೀರವ್ವಾರ?"

"ಇಲ್ರಿ ಮೇಡಂ."

"ಯಾವಾಗರ ನೋಯ್ದಾವೇನು?"

"ಎಂದೂ ಇಲ್ರಿ."

ಇಪ್ಪತ್ತು ಪ್ರಶ್ನೆಗೂ ಇಲ್ಲವೆಂದಳು. ಅತಿ ಹೆಚ್ಚು ಭಾರ, ಅತಿ ಹೆಚ್ಚು ವರ್ಷ, ನೋವು ಸೊನ್ನೆ. ಇಟಗಿಯವರು ಕಡತ ನೋಡಿ ಮೇಜು ತಟ್ಟಿದರು. "ಸಿಕ್ಕಿತಲ್ಲ ನಮ್ಮ ಮಾದರಿ!" ಮೂರು ವಾರ ಫಕೀರವ್ವನನ್ನು ಪ್ರಯೋಗಾಲಯಕ್ಕೆ ಕರೆಸಿ ಅವಳ ಪ್ರತಿಯೊಂದು ಚಲನೆಯನ್ನೂ ಗಣಕಕ್ಕೆ ಕಲಿಸಿದರು. ಅವಳ ಬೆನ್ನೇ ಎಲ್ಲರ ಪಟ್ಟಿಯೊಳಗಿನ ಮಾದರಿ ಬೆನ್ನಾಯಿತು.

ಎಂಟು ತಿಂಗಳಲ್ಲಿ ಕ್ಯಾಂಪಸ್ಸಿನ ಸರಾಸರಿ ಅಪಾಯದ ಅಂಕ ನಲವತ್ತಾರರಿಂದ ಹನ್ನೆರಡಕ್ಕೆ ಇಳಿಯಿತು. ಕಾಯಿಲೆಯ ರಜೆ ಅರ್ಧಕ್ಕರ್ಧ ಕಡಿಮೆಯಾಯಿತು. ಬೇರೆ ವಿಶ್ವವಿದ್ಯಾಲಯಗಳಿಂದ ಪಟ್ಟಿಗೆ ಬೇಡಿಕೆ ಬರತೊಡಗಿತು.

ಅರುಂಧತಿಯ ಗಂಡ ವಿರೂಪಾಕ್ಷ ಅದೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತ. ಮಿತಭಾಷಿ. ಹೆಂಡತಿಯ ಸಂಶೋಧನೆ ಅಂತ ಪಟ್ಟಿಯನ್ನು ಮೊದಲ ದಿನವೇ ಕಟ್ಟಿಕೊಂಡು ಆಫೀಸಿನಲ್ಲೆಲ್ಲ ತೋರಿಸಿ ಬಂದವನು. ಮಾರ್ಚ್ ತಿಂಗಳ ಒಂದು ಭಾನುವಾರ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಹೇಳಿದ.

"ಅರು, ಎಡಗಾಲಾಗ ಏನೋ ಜುಮ್ ಅಂತೈತಿ. ನಡದಿಂದ ಕೆಳಗ ಎಳದಂಗ ಆಗ್ತೈತಿ."

ಅವಳು ಎಡಗೈಯಲ್ಲಿ ಅವನ ಮೊಬೈಲು ತೆರೆದು ನೋಡಿದಳು. "ಹನ್ನೊಂದು ತೋರಸಾಕತ್ತೈತಿ. ಇಡೀ ಪರೀಕ್ಷಾ ವಿಭಾಗದಾಗ ನಿಮ್ದ ಕಡಿಮಿ."

"ಅಂಕಿ ಕಡಿಮಿ ಇರಬಹುದು. ನೋಯೂದು ನೋಯಾಕತ್ತೈತಲ್ಲ."

"ಪರೀಕ್ಷಿ ಬಂತಲ್ರೀ, ಟೆನ್ಶನ್ ಇರ್ತೈತಿ. ಪ್ರತಿ ವರ್ಷ ಈಗ ನಿಮಗ ಒಂದಿಲ್ಲೊಂದು ಶುರು ಆಗ್ತೈತಿ."

ಅವಳು ಚಟ್ನಿಪುಡಿಗೆ ಎಣ್ಣೆ ಹಾಕಿ ಅವನ ತಟ್ಟೆಗೆ ಬಡಿಸಿದಳು. ಮತ್ತೆರಡು ಸಲ ಅವನು ಅದೇ ಮಾತು ಎತ್ತಿದ. ಎರಡು ಸಲವೂ ಅವಳು ಮೊಬೈಲನ್ನೇ ನೋಡಿ ಉತ್ತರ ಕೊಟ್ಟಳು. ಮೂರನೆಯ ಸಲದ ನಂತರ ಅವನು ಹೇಳುವುದನ್ನೇ ಬಿಟ್ಟ.

ಏಪ್ರಿಲ್ ಹನ್ನೆರಡರಂದು ಬೆಳಿಗ್ಗೆ ಉತ್ತರಪತ್ರಿಕೆಯ ಕಟ್ಟೊಂದನ್ನು ಕಪಾಟಿನಿಂದ ಇಳಿಸುವಾಗ ವಿರೂಪಾಕ್ಷ ಕುಸಿದುಬಿದ್ದ. ಎಡ ಪಾದದಲ್ಲಿ ಸ್ಪರ್ಶವೇ ಇರಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನಿನ ಮಣಿಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತಿತ್ತು.

"ಇದು ಇವತ್ತಿಂದಲ್ಲಮ್ಮ," ಅಂದರು ಡಾಕ್ಟರು. "ನಾಲ್ಕೈದು ತಿಂಗಳಿಂದ ಆಗ್ತಾ ಬಂದಿದೆ. ನೀವೇ ಈ ಕ್ಷೇತ್ರದವರು, ಅವರು ನಿಮ್ಮ ಹತ್ತಿರ ಹೇಳಲೇ ಇಲ್ವಾ?"

ಅಂದೇ ಅವನನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ಒಯ್ದರು. ಸ್ಕ್ಯಾನಿಗೆ ಮೊದಲು ವಿರೂಪಾಕ್ಷನ ಸೊಂಟದಿಂದ ನರ್ಸು ಬಿಚ್ಚಿಕೊಟ್ಟ ಪಟ್ಟಿ ಅವಳ ಕೈಯಲ್ಲಿತ್ತು. ಹಿಂದಿನ ಸಂಜೆ ಅದು ತೋರಿಸಿದ ಅಪಾಯ ಒಂಬತ್ತು.

ವಾರದ ನಂತರ, ಗಂಡನನ್ನು ಅತ್ತೆಯ ಆರೈಕೆಗೆ ಬಿಟ್ಟು ಅರುಂಧತಿ ಪ್ರಯೋಗಾಲಯಕ್ಕೆ ಹೋದಳು. ಪಟ್ಟಿ ಕೆಟ್ಟಿತ್ತೆಂದೇ ಅವಳ ಅಂದಾಜು. ಪಟ್ಟಿ ಸರಿಯಾಗಿಯೇ ಇತ್ತು. ಕುಸಿಯುವ ಕ್ಷಣದವರೆಗೂ ವಿರೂಪಾಕ್ಷನ ಚಲನೆ ಮಾದರಿ ಬೆನ್ನಿಗೆ ನೂರಕ್ಕೆ ತೊಂಬತ್ತೇಳು ಹೊಂದಿಕೊಂಡಿತ್ತು. ಹಾಗಾದರೆ ಮಾದರಿಯಲ್ಲೇ ಏನೋ ಇದೆ. ಅವಳು ಫಕೀರವ್ವನ ಮೂರು ವಾರದ ದಾಖಲೆಗಳ ಕಡತವನ್ನು ತೆರೆದಳು.

ನೋವಿಲ್ಲದ ಮನುಷ್ಯ ಸೊಂಟ ಬಗ್ಗಿಸಿ ಪೂರ್ತಿ ಕೆಳಗೆ ಹೋದಾಗ ಬೆನ್ನಿನ ಸ್ನಾಯುಗಳು ಒಂದು ಕ್ಷಣ ಸುಮ್ಮನಾಗುತ್ತವೆ. ಭಾರವನ್ನು ಮೂಳೆಗೆ, ಅದನ್ನು ಹಿಡಿದಿಡುವ ಅಸ್ಥಿರಜ್ಜುಗಳಿಗೆ ಒಪ್ಪಿಸಿ ತಾವು ವಿರಮಿಸುತ್ತವೆ. ನೋವಿದ್ದವರಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಅವರ ಸ್ನಾಯುಗಳು ಕಾವಲು ಬಿಡುವುದಿಲ್ಲ, ಬಿಗಿದೇ ಇರುತ್ತವೆ. ಇದು ಅವಳು ಪ್ರತಿ ವರ್ಷ ತರಗತಿಯಲ್ಲಿ ಕಲಿಸುವ ಪಾಠ. ಕಡತದಲ್ಲಿ ಫಕೀರವ್ವನ ಸ್ನಾಯುಗಳ ಬಿಗಿತ ತೋರಿಸುವ ಗೆರೆ ಒಮ್ಮೆಯೂ ಸುಮ್ಮನಾಗಿರಲಿಲ್ಲ. ನೂರಾರು ಸಲ ಬಗ್ಗಿದ್ದಳು, ಒಂದು ಸಲವೂ ಇಲ್ಲ. ಪ್ರತಿ ಸಲ ಎತ್ತುವ ಮೊದಲು ಅರೆ ಕ್ಷಣ ಉಸಿರು ಬಿಗಿಹಿಡಿದಿದ್ದಳು.

ಗೆರೆಯ ಪಕ್ಕದಲ್ಲಿ ಒಂದು ಟಿಪ್ಪಣಿ ಇತ್ತು: 'ಭಾರ ಎತ್ತಿ ಎತ್ತಿ ಸ್ನಾಯು ಗಟ್ಟಿಯಾಗಿದೆ. ನೋವಿಲ್ಲವೆಂದು ಹೇಳಿದ್ದಾರೆ. ಲೆಕ್ಕಕ್ಕೆ ಹಿಡಿಯುವುದು ಬೇಡ.' ಅದು ಅವಳದೇ ಕೈಬರಹ.

ಅರುಂಧತಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ತಾವೆಲ್ಲ ಸೇರಿ ಗಣಕಕ್ಕೆ ಕಲಿಸಿದ್ದು ನೋವಿಲ್ಲದ ಬೆನ್ನನ್ನಲ್ಲ. ನೋವನ್ನು ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟುಕೊಂಡು ಬಾಳುವ ಬೆನ್ನನ್ನು. ಆ ಮುಚ್ಚಿಡುವ ವಿದ್ಯೆಯನ್ನು ಪಟ್ಟಿ ಈಗ ಸಾವಿರಾರು ಮಂದಿಗೆ ದಿನವಿಡೀ ಒತ್ತಿ ಒತ್ತಿ ಕಲಿಸುತ್ತಿತ್ತು. ಆ ಹೆಂಗಸು ತನಗೆ ಸುಳ್ಳು ಹೇಳಿದಳು ಎಂದು ಅವಳಿಗೆ ಸಿಟ್ಟು ಬಂತು. ಆ ಸುಳ್ಳಿಗೆ ತನ್ನ ಗಂಡನ ಕಾಲು ಬಲಿಯಾಯಿತು.

ಮಧ್ಯಾಹ್ನವೇ ಅವಳು ಕುಂಬಾರ ಓಣಿಯಲ್ಲಿದ್ದ ಫಕೀರವ್ವನ ಮನೆಗೆ ಹೋದಳು. ಫಕೀರವ್ವನಿಗೆ ಅಂದು ವಾರದ ರಜೆ. ಅವಳು ನೆಲದ ಮೇಲೆ ಗೋಡೆಗೆ ಬೆನ್ನು ಆನಿಸಿ ಕೂತು ಶೇಂಗಾ ಬಿಡಿಸುತ್ತಿದ್ದಳು. ಅರುಂಧತಿಯನ್ನು ಕಂಡು ಏಳಲು ಹೋದಳು. ಒಂದು ಕೈ ನೆಲಕ್ಕೆ, ಇನ್ನೊಂದು ಗೋಡೆಗೆ. ಪ್ರಯೋಗಾಲಯದಲ್ಲಿ ಕಂಡ ಹೆಂಗಸೇ ಅಲ್ಲ ಎನ್ನುವಂತಿತ್ತು.

"ಏಳಬ್ಯಾಡ್ರಿ, ಕೂಡ್ರಿ," ಎಂದಳು ಅರುಂಧತಿ. "ನಿಮಗ ನೋವ ಐತಿ."

ಫಕೀರವ್ವ ಅವಳ ಮುಖ ನೋಡಿದಳು. "ಐತ್ರಿ. ಹನ್ನೊಂದ ವರ್ಷ ಆತು."

"ನನಗ್ಯಾಕ ಸುಳ್ಳ ಹೇಳಿದ್ರಿ? ನಿಮ್ಮನ್ನ ನಂಬಿ ನಾ ಇಷ್ಟೆಲ್ಲಾ ಕಟ್ಟಿದೆ. ನಮ್ಮನಿಯವರು ಹಾಸಗಿ ಹಿಡದಾರ."

"ಕೇಳೇನ್ರಿ. ಭಾಳ ಕೆಟ್ಟ ಅನಿಸ್ತು." ಫಕೀರವ್ವ ಮೊರವನ್ನು ಬದಿಗೆ ಸರಿಸಿದಳು. "ಎಂಟ ವರ್ಷದ ಹಿಂದ ಒಂದ ಫಾರ್ಮ್ ಬಂದಿತ್ರಿ ನಮ್ಮ ಲೈಬ್ರರಿಗೆ. ನಡಾ ನೋಯ್ತಾವೇನು, ಭಾರ ಎತ್ತಾಕ ಆಗ್ತೈತೇನು, ಅಂತ. ಹೆಸರ ಯಾರ್ಗೂ ಹೇಳಂಗಿಲ್ಲ ಅಂದ್ರು. ನನ್ನ ಜೋಡಿ ರತ್ನವ್ವ ಅಂತ ಇದ್ಲು. ಆಕೀ ಖರೆ ಬರಸಿದ್ಲು. ನಾ ಅವತ್ತ ಮಗಳ ಬಾಣಂತನಕ್ಕ ಹೋಗಿದ್ದೆ, ನಂದು ಉಳದಿತ್ತು. ಮುಂದಿನ ವರ್ಷ ಗುತ್ತಿಗಿ ಲಿಸ್ಟ್ ಬಂತ್ರಿ. ಖರೆ ಬರಸಿದ ಹನ್ನೊಂದೂ ಮಂದಿ ಹೆಸರು ಇರಲಿಲ್ಲ ಅದರಾಗ. ರತ್ನವ್ವ ಈಗ ಬಸ್‌ಸ್ಟ್ಯಾಂಡಿನ್ಯಾಗ ಕಸಾ ಹೊಡೀತಾಳ."

"ಯಾರು ತಂದಿದ್ರು ಆ ಫಾರ್ಮು?"

ಫಕೀರವ್ವ ಬೇಸರದಿಂದಲೂ ಅಲ್ಲ ಸಿಟ್ಟಿನಿಂದಲೂ ಅಲ್ಲದ ದನಿಯಲ್ಲಿ, "ನೀವ ತಂದಿದ್ರಲ್ರಿ," ಎಂದಳು.

ಅರುಂಧತಿಗೆ ಎಲ್ಲ ನೆನಪಾಯಿತು. ಪಿಎಚ್.ಡಿ.ಯ ಎರಡನೆಯ ವರ್ಷ. ಕೈಚೀಲದ ತುಂಬ ಫಾರ್ಮು, ಒಂದು ಡಜನ್ ಪೆನ್ನು. ಬರೆಯಲು ಬಾರದವರ ಪಕ್ಕ ಕೂತು ತಾನೇ ತುಂಬಿಸಿದ್ದು. 'ಇದು ಬರೇ ಅಭ್ಯಾಸಕ್ಕ ಅಕ್ಕಾ, ಯಾರೂ ನೋಡಂಗಿಲ್ಲ' ಎಂದು ಪ್ರತಿಯೊಬ್ಬರಿಗೂ ಹೇಳಿದ್ದು. ಅವುಗಳನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಇಟಗಿಯವರ ಕಪಾಟಿನಲ್ಲಿ ಇಟ್ಟಿದ್ದಳು. ಬೀಗದ ಕೈ ಅವರೊಬ್ಬರ ಹತ್ತಿರ ಮಾತ್ರ ಇತ್ತು.

"ನಾ ಯಾರಿಗೂ ಕೊಟ್ಟಿಲ್ಲ ಫಕೀರವ್ವಾರ, ದೇವರಾಣಿ," ಎಂದಳು. ಅವಳ ಸಿಟ್ಟೆಲ್ಲ ಎಲ್ಲಿ ಇಳಿದುಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಇರಬಹುದ್ರಿ. ನಂಗೇನ್ ಗೊತ್ತು."

ಹೊರಡುವಾಗ ಅರುಂಧತಿ ಅವಳ ಕೈ ಹಿಡಿದು ಹೇಳಿದಳು. "ಈ ಪಟ್ಟಿ ನಿಲ್ಲಸ್ತೇನಿ. ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ. ಈ ಸಲ ನನ್ನ ಮಾತು ನಂಬ್ರಿ."

ಫಕೀರವ್ವ ಕೈ ಬಿಡಿಸಿಕೊಂಡು ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು.

ಮರುದಿನ ಇಟಗಿಯವರ ಕೋಣೆಯಲ್ಲಿ ಅವಳು ಮೊದಲು ಕೇಳಿದ್ದು ಫಾರ್ಮುಗಳ ಬಗ್ಗೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಡಳಿತದವರು ಯಾವ ಆಧಾರದ ಮೇಲೆ ಯಾರನ್ನು ತೆಗೆದರೋ ನನಗೇನು ಗೊತ್ತಮ್ಮ? ಒಂಬತ್ತು ವರ್ಷದ ನಂತರ ನನ್ನ ಮೇಲೆ ನಿನಗೆ ಅನುಮಾನವೇ?" ಅವರ ಕಣ್ಣಲ್ಲಿ ನೀರಾಡಿತು. ಅರುಂಧತಿಗೆ ನಾಚಿಕೆಯಾಯಿತು. ಕ್ಷಮೆ ಕೇಳಿದಳು. ಆಮೇಲೆ ಮಾದರಿಯ ತಪ್ಪನ್ನು ವಿವರಿಸಿದಳು.

ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. "ದೊಡ್ಡ ವಿಷಯ ಇದು. ಪಟ್ಟಿ ಹಿಂದಕ್ಕೆ ತಗೊಳ್ಳೋಣ. ನೀನು ಎಲ್ಲವನ್ನೂ ಬರೆದುಕೊಡು. ಬಚ್ಚಿಟ್ಟ ನೋವನ್ನು ಗೆರೆಯಲ್ಲಿ ಹೇಗೆ ಗುರುತಿಸಿದೆ ಅನ್ನೋದನ್ನ ಮಾತ್ರ ವಿವರವಾಗಿ ಬರೆ."

ಅವಳು ನಾಲ್ಕು ದಿನ ಕೂತು ಹನ್ನೆರಡು ಪುಟ ಬರೆದಳು. ಫಕೀರವ್ವನ ಹೆಸರು ಎಲ್ಲೂ ಬಾರದಂತೆ 'ಮಾದರಿ-೧' ಎಂದಷ್ಟೇ ಕರೆದಳು. ಆ ನಾಲ್ಕೂ ದಿನ ಮನೆಯಲ್ಲಿ ವಿರೂಪಾಕ್ಷನ ಪಾದಕ್ಕೆ ತಾನೇ ವ್ಯಾಯಾಮ ಮಾಡಿಸಿದಳು. ಎಡ ಹೆಬ್ಬೆರಳಿಗೆ ಸ್ವಲ್ಪ ಸ್ಪರ್ಶ ಮರಳಿತ್ತು. ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ.

"ಮುಟ್ಟಿದ್ದು ಗೊತ್ತಾತೇನ್ರೀ?"

"ಗೊತ್ತಾತು."

"ನೋಯ್ತೇನು?"

ಅವನು ಅವಳತ್ತ ತಿರುಗಿದ. "ನಾ ಹೂಂ ಅಂದ್ರ ನಂಬ್ತಿಯೇನು?"

ಅವಳು ಅವನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅವನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

ಎರಡು ವಾರ ಕಳೆದವು. ಒಂದು ಸೋಮವಾರ ಬೆಳಿಗ್ಗೆ ಎಲ್ಲರ ಮೊಬೈಲಿಗೂ ಸಂದೇಶ ಬಂತು: 'ಬೆನ್ನಾಸರೆ ಈಗ ಇನ್ನಷ್ಟು ನಿಖರ. ನೀವು ಹೇಳದ ನೋವನ್ನೂ ಇನ್ನು ಅದು ಗುರುತಿಸಬಲ್ಲದು.' ಅರುಂಧತಿ ಅದನ್ನು ಮೂರು ಸಲ ಓದಿದಳು. ಅವಳ ಹನ್ನೆರಡು ಪುಟವೇ ಅದು. ಬಗ್ಗಿದಾಗ ಸ್ನಾಯು ಸುಮ್ಮನಾಗುತ್ತದೆಯೇ, ಎತ್ತುವ ಮೊದಲು ಉಸಿರು ನಿಲ್ಲುತ್ತದೆಯೇ. ಪಟ್ಟಿ ಈಗ ಅದನ್ನೇ ಕಾಯುತ್ತಿತ್ತು. ಅಂದು ಸಂಜೆ ಐದಕ್ಕೆ ಫಕೀರವ್ವನ ಅಂಕ ತೊಂಬತ್ತೊಂದು ಬಂತು. ಈ ಸಲ ಅಂಕದ ಒಂದು ನಕಲು ಸಿಬ್ಬಂದಿ ವಿಭಾಗಕ್ಕೂ ಹೋಗುತ್ತಿತ್ತು. ತಿಂಗಳು ಮುಗಿಯುವಷ್ಟರಲ್ಲಿ ಫಕೀರವ್ವನೂ ಸೇರಿ ಇಪ್ಪತ್ತಮೂರು ಮಂದಿ ಗುತ್ತಿಗೆಯವರನ್ನು 'ಕೆಲಸಕ್ಕೆ ದೈಹಿಕವಾಗಿ ಅರ್ಹರಲ್ಲ' ಎಂದು ತೆಗೆದುಹಾಕಿದರು.

ಅರುಂಧತಿ ಬಾಗಿಲು ತಟ್ಟದೆ ಇಟಗಿಯವರ ಕೋಣೆಗೆ ನುಗ್ಗಿದಳು. "ಹಿಂದಕ್ಕೆ ತಗೊಳ್ಳೋಣ ಅಂದ್ರಿ."

"ತಗೊಂಡೆವಲ್ಲ. ಹಳೇ ಮಾದರಿ ತೆಗೆದು ಹೊಸದು ಹಾಕಿದೆವು."

"ಆ ಫಾರ್ಮುಗಳನ್ನೂ ಆಡಳಿತಕ್ಕೆ ನೀವೇ ಕೊಟ್ಟಿರಿ, ಅಲ್ವಾ ಸರ್?"

ಅವರು ಈ ಸಲ ಕನ್ನಡಕ ತೆಗೆಯಲಿಲ್ಲ. "ಆಗ ಕೇಂದ್ರವನ್ನೇ ಮುಚ್ಚಬೇಕು ಅಂತಿದ್ರು. ಆಡಳಿತಕ್ಕೆ ನಮ್ಮಿಂದ ಏನು ಉಪಯೋಗ ಅಂತ ತೋರಿಸಬೇಕಿತ್ತು. ತೋರಿಸಿದೆ. ಅದರಿಂದಲೇ ನಿನ್ನ ಫೆಲೋಶಿಪ್ ಉಳೀತು, ನಿನ್ನ ಈ ಕೆಲಸ ಆಯಿತು. ನಿನಗೆ ಹೇಳಲಿಲ್ಲ, ಯಾಕೆಂದರೆ ನೀನು ಬೇಜಾರು ಮಾಡಿಕೊಳ್ತಿದ್ದೆ."

ಅವರು ಅದನ್ನು ಹೇಳಿದ ರೀತಿ ಮಗಳಿಗೆ ಮಾಡಿದ ಉಪಕಾರವನ್ನು ನೆನಪಿಸಿದ ಹಾಗಿತ್ತು. ಅರುಂಧತಿಗೆ ಅರ್ಥವಾಯಿತು. ಒಂಬತ್ತು ವರ್ಷ ತಾನು ಕಲಿತದ್ದು, ಗೆದ್ದದ್ದು ಎಂದುಕೊಂಡದ್ದೆಲ್ಲ ಆ ಹನ್ನೊಂದು ಜನರನ್ನು ಮನೆಗೆ ಕಳಿಸಿ ಪಡೆದದ್ದು. ಅವಳು ಹೊರಗೆ ಬಂದಳು.

ಸಂಜೆ ಮನೆಯಲ್ಲಿ ವಿರೂಪಾಕ್ಷನಿಗೆ ಎಲ್ಲವನ್ನೂ ಹೇಳಿದಳು. ಅವನು ಊರುಗೋಲನ್ನು ಹತ್ತಿರ ಎಳೆದುಕೊಂಡು ಕೂತು ಕೇಳಿದ.

"ಏನ್ ಮಾಡ್ತಿ ಈಗ?"

"ಕಾರ್ಮಿಕ ಅಧಿಕಾರಿಗೆ ಬರಕೊಡ್ತೇನಿ. ನನ್ನ ಹೆಸರ್ಲೇ. ನೌಕರಿ ಹೋಗಬಹುದು."

"ಹೋಗ್ಲಿ." ಅವನು ಆಸ್ಪತ್ರೆಯ ಕಾಗದಗಳತ್ತ ಕೈ ತೋರಿಸಿದ. "ನನ್ನ ಸ್ಕ್ಯಾನು, ಒಂಬತ್ತಂತ ತೋರಿಸಿದ ಹಿಂದಿನ ದಿನದ ಅಂಕಿ, ಎರಡೂ ಹಚ್ಚು. ನನ್ನನ್ನೂ ಸಾಕ್ಷಿ ಮಾಡು."

ಅವಳು ದೂರು ಬರೆದಳು. ಅದರ ಮೊದಲ ಸಾಲು ಇಟಗಿಯವರ ಬಗ್ಗೆ ಇರಲಿಲ್ಲ. 'ಯಾರಿಗೂ ತಿಳಿಸುವುದಿಲ್ಲವೆಂದು ಮಾತು ಕೊಟ್ಟು ಇವರ ನೋವನ್ನು ಬರೆದುಕೊಂಡವಳು ನಾನು' ಎಂದಿತ್ತು. ಅದರ ಒಂದು ನಕಲನ್ನು ಕುಂಬಾರ ಓಣಿಗೆ ಒಯ್ದು ಫಕೀರವ್ವನ ಸಹಿ ಕೇಳಿದಳು. ಫಕೀರವ್ವ ಬಾಗಿಲಲ್ಲೇ ನಿಂತು ಅದನ್ನು ವಾಪಸು ಚಾಚಿದಳು. "ನಿಮ್ಮ ಕಾಗದಕ್ಕ ನಾ ಸಹಿ ಮಾಡಂಗಿಲ್ರಿ. ನನ್ನ ದೂರು ರತ್ನವ್ವನ ಮಗಳು ಬರದಾಳ, ಬ್ಯಾರೆ ಕೊಡ್ತೇವಿ."

ವಿಚಾರಣೆ ಶುರುವಾದದ್ದು ಜುಲೈನಲ್ಲಿ. ಅಷ್ಟರಲ್ಲಿ ಅರುಂಧತಿಯನ್ನು ಅಮಾನತು ಮಾಡಿದ್ದರು. ತೀರ್ಪು ಬರಲು ಮತ್ತೆ ಏಳು ತಿಂಗಳು ಹಿಡಿಯಿತು. ಇಪ್ಪತ್ತಮೂರು ಮಂದಿಗೂ ಕೆಲಸ ಮರಳಿತು, ಪಟ್ಟಿಯ ಅಂಕವನ್ನು ಯಾರ ಕೆಲಸಕ್ಕೂ ತಳಕು ಹಾಕಬಾರದೆಂದಾಯಿತು. ಹಿಂದಿನ ಹನ್ನೊಂದು ಮಂದಿಯ ವಿಷಯ ಅವಧಿ ಮೀರಿದೆಯೆಂದು ಕೈಬಿಟ್ಟರು. ಇಟಗಿಯವರು ಆ ಹೊತ್ತಿಗೆ ಬೇರೆ ರಾಜ್ಯದ ಒಂದು ಸಂಸ್ಥೆಗೆ ದೊಡ್ಡ ಹುದ್ದೆಯ ಮೇಲೆ ಹೋಗಿಯಾಗಿತ್ತು.

ಇವೆಲ್ಲ ಇನ್ನೂ ಆಗದಿದ್ದ ಜುಲೈನ ಆ ಮೊದಲ ದಿನ, ಕಾರ್ಮಿಕ ಇಲಾಖೆಯ ಇಕ್ಕಟ್ಟಾದ ಕೋಣೆಯಲ್ಲಿ ಫಕೀರವ್ವ ಕುರ್ಚಿ ಬೇಡವೆಂದು ಗೋಡೆಗೆ ಒರಗಿ ನಿಂತಿದ್ದಳು. ಎದುರಿಗೆ ಅರುಂಧತಿ. ಅಧಿಕಾರಿ ಅರುಂಧತಿಯ ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿ, ಫಕೀರವ್ವನತ್ತ ತಿರುಗಿದರು.

"ಏನಮ್ಮ, ಈ ಮೇಡಂ ಹೇಳಿದ್ದನ್ನ ನೀವು ಒಪ್ತೀರಾ?"

"ಒಪ್ತೇನ್ರಿ. ಆಕೀ ಹೇಳಿದ್ದೆಲ್ಲಾ ಖರೆ ಐತಿ."

ಗುಮಾಸ್ತ ಬರೆದುಕೊಂಡ.

"ಹಂಗಂತ ಆಕೀ ಮ್ಯಾಲ ನನಗ ನಂಬಿಕಿ ಇಲ್ರಿ," ಎಂದಳು ಫಕೀರವ್ವ.

ಗುಮಾಸ್ತನ ಪೆನ್ನು ನಿಂತಿತು. ಅಧಿಕಾರಿಗೆ ಗೊಂದಲವಾಯಿತು. "ಹೇಳಿದ್ದು ನಿಜ ಅಂತೀರಿ, ನಂಬಿಕೆ ಇಲ್ಲ ಅಂತೀರಿ. ಎರಡರಲ್ಲಿ ಯಾವುದನ್ನ ಬರೀಬೇಕಮ್ಮ?"

ಫಕೀರವ್ವ ಅರುಂಧತಿಯ ಮುಖವನ್ನೇ ನೋಡುತ್ತ ಹೇಳಿದಳು. "ಎರಡೂ ಬರೀರಿ."

ಗುಮಾಸ್ತ ಎರಡನ್ನೂ ಬರೆದ. ಫಕೀರವ್ವ ಸಹಿ ಮಾಡಿದಳು. ಹಾಳೆ ಮೇಜಿನ ಮೇಲೆ ಜಾರಿ ಈಚೆ ಬಂದಾಗ ಅರುಂಧತಿ ಅದನ್ನು ಪೂರ್ತಿ ಓದಿ, ಆ ಎರಡು ಸಾಲುಗಳ ಕೆಳಗೆ ತನ್ನ ಹೆಸರು ಬರೆದಳು.